ಕಂಬಳದ ಓಟಗಾರನ ಲೆಕ್ಕ

2020ರ ಫೆಬ್ರವರಿಯಲ್ಲಿ ಬೆಂಗಳೂರಿನ ಆಫೀಸುಗಳ ವಾಟ್ಸಾಪ್ ಗ್ರೂಪುಗಳಲ್ಲಿ ಒಂದೇ ಹೆಸರು ಓಡಾಡ್ತಿತ್ತು: ಮಿಜಾರಿನ ಶ್ರೀನಿವಾಸ ಗೌಡ. ಐಕಳ ಕಂಬಳದಲ್ಲಿ ಅವರು ಕೋಣಗಳ ಹಿಂದೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದರು. ಯಾರೋ ತ್ರೈರಾಶಿ ಹಾಕಿದರು, ನೂರು ಮೀಟರಿಗೆ 9.55 ಬಂತು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಓಡಿದ್ದು 9.58. ಅದೇ ತಿಂಗಳು ಕಾರ್ಕಳದ ಬಜಗೋಳಿಯ ನಿಶಾಂತ್ ಶೆಟ್ಟಿ 9.51 ಅಂತ ಇನ್ನೊಂದು ಸುದ್ದಿ. ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಟ್ರಯಲ್ಸ್‌ಗೆ ಕರೆದರು. ಗೌಡರು ಹೋಗಲಿಲ್ಲ.

'ಎಂಥ ಚಾನ್ಸ್ ಬಿಟ್ಟ ಮಾರಾಯ' ಅಂದವರೇ ಹೆಚ್ಚು. ಆದರೆ ಅವರು ಕೊಟ್ಟ ಕಾರಣ ಕೇಳಿ. ಕೆಸರಿನಲ್ಲಿ ಹಿಮ್ಮಡಿ ಊರಿ ಓಡ್ತೇವೆ, ಟ್ರ್ಯಾಕಿನಲ್ಲಿ ಬೆರಳ ತುದಿಯಲ್ಲಿ ಓಡಬೇಕು. ಎರಡೂ ಬೇರೆ ಆಟ. ಜೊತೆಗೆ, ಈ ವೇಗದಲ್ಲಿ ಕೋಣಗಳದ್ದೂ ಪಾಲಿದೆ ಎಂದರು. ನಾವು ನೋಡಿದ್ದು ಸಂಖ್ಯೆಯನ್ನು. ತನ್ನ ಕಾಲು ಯಾವುದಕ್ಕೆ ಪಳಗಿದೆ ಅಂತ ಗೊತ್ತಿದ್ದದ್ದು ಅವರಿಗೆ.

ಹಾಗಂತ ಕಂಬಳದ ಚರಿತ್ರೆಯೆಲ್ಲ ಕರುಣೆಯ ಚರಿತ್ರೆಯೇನಲ್ಲ. ಒಂದು ಕಾಲದಲ್ಲಿ ಕಂಬಳ ಶುರುವಾಗುವ ಮೊದಲು ಕೊರಗರನ್ನು ಕೋಣಗಳಂತೆ ಗದ್ದೆಯಲ್ಲಿ ಓಡಿಸ್ತಿದ್ದರು. ಇದನ್ನು ಕಾನೂನು ಹೆಸರಿಟ್ಟು ನಿಷೇಧಿಸಿದ್ದು ಅಜಲು ಪದ್ಧತಿ ನಿಷೇಧ ಕಾಯ್ದೆಯಲ್ಲಿ, ಅದೂ 2000ದಲ್ಲಿ! ಮನುಷ್ಯನ ಮೈ ಕೂಡ ಮೈಯೇ ಅಂತ ಒಪ್ಪಲು ನಮಗೆ ಇಷ್ಟು ಹೊತ್ತು ಬೇಕಾಯ್ತು.

ಕೋಣದ ನೋವಿನ ಪ್ರಶ್ನೆ ಆಮೇಲೆ ಬಂತು. 2014ರ ಜಲ್ಲಿಕಟ್ಟು ತೀರ್ಪಿನ ನಂತರ ಕಂಬಳಕ್ಕೂ ತಡೆ ಬಿತ್ತು. 2017ರಲ್ಲಿ ರಾಜ್ಯ ಕಾಯ್ದೆಗೆ ತಿದ್ದುಪಡಿ ತಂದಿತು, 2023ರ ಮೇ 18ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದೇ ನವೆಂಬರಿನಲ್ಲಿ ಅರಮನೆ ಮೈದಾನದ ಕಂಬಳಕ್ಕೆ ನಿಮ್ಮಲ್ಲೂ ಹಲವರು ಹೋಗಿ ಸೆಲ್ಫಿ ತೆಗೆದಿರ್ತೀರಿ. ಅನಗತ್ಯ ನೋವು ಕೊಡಬಾರದು ಎಂಬ ಷರತ್ತಿನ ಮೇಲೆ ನಡೆಯುವ ಆಟ ಅದು.

ಇದರ ನಡುವೆ, ಕೋರ್ಟಿನ ತಡೆ ಬರುವ ಮೊದಲೇ, 2011ರಲ್ಲಿ ಕಾರ್ಕಳದ ಮಿಯ್ಯಾರಿನಲ್ಲಿ ಗುಣಪಾಲ ಕಡಂಬರು ಕಂಬಳ ಅಕಾಡೆಮಿ ಕಟ್ಟಿದರು. ಅಲ್ಲಿಯವರೆಗೆ ಗದ್ದೆಯಲ್ಲಿ ನೋಡಿ ನೋಡಿ ಕಲಿತದ್ದು ಅಲ್ಲಿ ಪಾಠವಾಯಿತು. ಶ್ರೀನಿವಾಸ ಗೌಡರೂ ಅಲ್ಲೇ ಕಲಿತವರು. ಹುಡುಗರಿಗೆ ವ್ಯಾಯಾಮ ಇದೆ, ಜೊತೆಗೆ ಕೋಣಗಳ ಆರೈಕೆಯೂ ಇದೆ. ನನಗೆ ಮುಖ್ಯ ಅನ್ನಿಸೋದು ಇದೇ. ಜೊತೆಗಿರುವ ಜೀವದ ಉಸಿರು ತಿಳಿಯದವನಿಗೆ ಅಲ್ಲಿ ಓಡಲು ಬರೋದಿಲ್ಲ.

ನಮ್ಮ ಶಾಲೆಗಳಲ್ಲಿ ಪಿ.ಟಿ. ಪೀರಿಯಡ್ ಅಂದರೆ ಗಣಿತದ ಮೇಷ್ಟ್ರು ಪೋರ್ಷನ್ ಮುಗಿಸಲು ಕೇಳಿ ಪಡೆಯುವ ಪೀರಿಯಡ್. ಉಳಿದರೆ, ಚೆನ್ನಾಗಿ ಓಡುವ ನಾಲ್ಕು ಮಕ್ಕಳಿಗೆ ಮಾತ್ರ. ಮಿಕ್ಕವರು ಕಟ್ಟೆ ಮೇಲೆ. ಉಡುಪಿಯ ಅಜ್ಜರಕಾಡಿನಲ್ಲಿ ಈಗ ಸಿಂಥೆಟಿಕ್ ಟ್ರ್ಯಾಕ್ ಇದೆ, ಒಳ್ಳೆಯದೇ. ಆದರೆ ಬಿದ್ದವನ ಮಂಡಿ ನೋಡಲು ನಿಲ್ಲುವ ಅಭ್ಯಾಸವನ್ನು ಟ್ರ್ಯಾಕ್ ಕಲಿಸೋದಿಲ್ಲ. ಅದನ್ನು ಯಾರಾದರೂ ಹೇಳಿಕೊಡಬೇಕು, ಪೀರಿಯಡ್ ಇಟ್ಟೇ ಹೇಳಿಕೊಡಬೇಕು.