ಜೀಪು ನಿಂತಲ್ಲಿ ಶುರುವಾಗುವ ದಾರಿ

ಪುಣೆಯ ಕನ್ನಡದ ಗೆಳೆಯರೆಲ್ಲ ಮೂರು ಜೀಪುಗಳಲ್ಲಿ ಜುನ್ನರ್ ದಾಟಿ ಹೋಗಿ ನಾಣೆಘಾಟಿನ ನೆತ್ತಿಯ ಬಯಲಲ್ಲಿ ಡೇರೆ ಹಾಕಿದೆವು. ಫೋರ್ ವೀಲ್ ಡ್ರೈವಿನ ಆಟ ಅಲ್ಲಿಗೇ ಮುಗಿಯಿತು. ಮುಂದೆ ಇಕ್ಕಟ್ಟಾದ ಕಲ್ಲಿನ ಕಂಡಿ, ಕೊಂಕಣಕ್ಕೆ ಇಳಿಯುವ ಮೆಟ್ಟಿಲು. ಸುಮಾರು 2000 ವರ್ಷಗಳ ಹಿಂದೆ ಸೋಪಾರ, ಕಲ್ಯಾಣದ ಬಂದರುಗಳ ಸರಕು ಘಟ್ಟ ಹತ್ತಿದ್ದು ಇಲ್ಲೇ. ನೆತ್ತಿಯಲ್ಲಿರುವ ಕಲ್ಲಿನ ಹರವಿ ಸುಂಕದ ನಾಣ್ಯ ಹಾಕಲು ಇಟ್ಟದ್ದು ಎನ್ನುತ್ತಾರೆ.

ಪಕ್ಕದ ಗುಹೆಯಲ್ಲಿ ಶಾತವಾಹನ ರಾಣಿ ನಾಗನಿಕೆಯ ಹೆಸರಿನೊಂದಿಗೆ ಬೆಸೆದುಕೊಂಡ ಬ್ರಾಹ್ಮಿ ಶಾಸನವಿದೆ. 1828ರಲ್ಲಿ ವಿಲಿಯಂ ಸೈಕ್ಸ್ ಅದನ್ನು ಗುರುತಿಸಿದ. ಯಜ್ಞಗಳಲ್ಲಿ ದಾನ ಕೊಟ್ಟ ಹಸು, ಕುದುರೆ, ಕಾರ್ಷಾಪಣಗಳ ಲೆಕ್ಕ ಅದರಲ್ಲಿದೆ. ನಮ್ಮ ದೇಶದ ಬಹು ಹಳೆಯ ಅಂಕಿಗಳೂ ಇವೆ. ಸರಕು ಹೊತ್ತವರ ಲೆಕ್ಕ ಮಾತ್ರ ಇಲ್ಲ. ಹಾಗಂತ ಅರಸರೂ ಉಳಿದಿಲ್ಲ: ಹಿಂಗೋಡೆಯಲ್ಲಿದ್ದ ರಾಜಮನೆತನದ ಮೂರ್ತಿಗಳು ಅಳಿದು, ಕೆತ್ತಿದ ಹೆಸರುಗಳೂ ಪಾದದ ಗುರುತುಗಳೂ ಉಳಿದಿವೆ.

"ನಮ್ಮ ಸನ್ನತಿಯಾಗೂ ಇದೇ ಅರಸರ ಶಾಸನ ಅವರೀ" ಎಂದ ಕಲಬುರಗಿಯ ಗೆಳೆಯ. ದುಡಿಮೆಗಾಗಿ ಊರು ಬಿಟ್ಟು ಬಂದವರು ನಾವೂ. ಬೆಳಿಗ್ಗೆ ಜೀಪು ಹತ್ತುವ ಮೊದಲು ಆ ಮೆಟ್ಟಿಲುಗಳನ್ನು ಒಮ್ಮೆ ಇಳಿದು ಹತ್ತಿದೆವು. ಬರಿಗೈಯಲ್ಲೇ ಹತ್ತಿದರೂ ಏದುಸಿರು ಬಂತು.