ಹೊಳೆ ದಾಟಿದವರ ವಿದ್ಯೆ

ಮಳೆ ಕಾಣದ ನಾಡಿನ ಕಲ್ಲುಕಣಿವೆಯಲ್ಲಿ ನೊರೆಯೆಬ್ಬಿಸಿ ಹರಿಯುವ ನದಿ, ಅದರ ಮೇಲೆ ಪ್ರವಾಸಿಗರನ್ನು ಹೊತ್ತ ರಬ್ಬರ್ ದೋಣಿ ಎಂದರೆ ಅಮೆರಿಕದ ಕೊಲರಾಡೊ ನದಿ ಕಣ್ಣ ಮುಂದೆ ಬರುತ್ತದೆ. ಕರ್ನಾಟಕದ ಮಟ್ಟಿಗೆ ರಾಫ್ಟಿಂಗ್ ಎಂದರೆ ದಾಂಡೇಲಿಯ ಕಾಳಿ ನದಿ. ಯಾದಗಿರಿ, ಶಹಾಪುರ, ಸುರಪುರದ ಹೆಸರು ಈ ಮಾತಿನಲ್ಲಿ ಬರುವುದೇ ಇಲ್ಲ. ಬಿಸಿಲು, ಬರ, ಗುಳೆ ಇವಿಷ್ಟೇ ಈ ಭಾಗದ ಗುರುತು ಎಂದು ಹೊರಗಿನವರು ನಂಬಿದ್ದಾರೆ, ಒಳಗಿನವರೂ ಅದನ್ನೇ ಒಪ್ಪಿಕೊಂಡಿದ್ದಾರೆ. ಆದರೆ ಒಣನೆಲದ ಕಣಿವೆ, ಧುಮ್ಮಿಕ್ಕುವ ಹೊಳೆ, ಅದರ ಮೇಲೆ ಜೀವ ಪಣಕ್ಕಿಟ್ಟು ಸಾಗುವ ಮನುಷ್ಯ, ಈ ಮೂರೂ ಇಲ್ಲಿ ನೂರಾರು ವರ್ಷಗಳಿಂದ ಇವೆ. ಕೊಲರಾಡೊದಲ್ಲಿ ದೋಣಿ ಹೊಳೆಯ ಉದ್ದಕ್ಕೆ ಸಾಗಿತು, ಕೃಷ್ಣೆಯಲ್ಲಿ ಅಡ್ಡಕ್ಕೆ ಸಾಗಿತು. ಅಡ್ಡಕ್ಕೆ ಸಾಗಿಸಿದವರು ಅಂಬಿಗರು. ಅವರ ಹರಿಗೋಲನ್ನು ಹಿಂದುಳಿದ ಸೀಮೆಯ ಹಳೆಯ ಸಾಮಾನು ಎಂದು ಬದಿಗಿಡುವುದು ತಪ್ಪು; ಈ ಹೊಳೆಯನ್ನು ಅರಿತವರು ಕಟ್ಟಿ ಬೆಳೆಸಿದ ವಿದ್ಯೆ ಅದು.

ಮೊದಲು ನೆಲದ ಮಾತು. ಹತ್ತಿಕುಣಿಯ ಜಲಾಶಯ ತುಂಬಬೇಕಾದರೆ ಹತ್ತಿಕುಣಿಯ ಸುತ್ತಲೇ ಮಳೆಯಾಗಬೇಕು. ಹಳ್ಳದ ನೀರು ಅಲ್ಲಿ ನಿಂತು ಶಾಂತವಾಗಿರುತ್ತದೆ. ಕೃಷ್ಣೆಯ ಲೆಕ್ಕವೇ ಬೇರೆ. ಅದರ ನೀರು ಮಹಾಬಲೇಶ್ವರದ ಕಡೆಯ ಘಟ್ಟಗಳದ್ದು. ಸುರಪುರದಲ್ಲಿ ಹನಿ ಬೀಳದೆ ಜೋಳದ ಹೊಲ ಬಿರಿದಿದ್ದರೂ ಘಟ್ಟದಲ್ಲಿ ಮಳೆ ಹಿಡಿದರೆ ಇಲ್ಲಿ ಹೊಳೆ ಕೆಂಪಾಗಿ ಏರುತ್ತದೆ. ರಾಕಿ ಪರ್ವತದ ಹಿಮ ಕರಗಿ ಮರುಭೂಮಿಯಲ್ಲಿ ಹರಿಯುವ ಕೊಲರಾಡೊದ ಗುಣವೂ ಇದೇ. ಇನ್ನು ಇಳಿಜಾರು. ನಾರಾಯಣಪುರದ ಕೆಳಗೆ, ಛಾಯಾ ಭಗವತಿ ಮತ್ತು ಜಲದುರ್ಗದ ಆಸುಪಾಸಿನಲ್ಲಿ, ಕೃಷ್ಣೆ ದಖನ್ನಿನ ಎತ್ತರದಿಂದ ಸುರಪುರ, ರಾಯಚೂರು ಸೀಮೆಯ ಬಯಲಿಗೆ ಇಳಿಯುತ್ತದೆ. ಸುಮಾರು 3 ಮೈಲಿಯೊಳಗೆ 408 ಅಡಿ ಇಳಿಯುತ್ತದೆಂದು ಬ್ರಿಟಿಷರ ಕಾಲದ ಇಂಪೀರಿಯಲ್ ಗೆಜೆಟಿಯರ್ ದಾಖಲಿಸಿದೆ. ಪ್ರವಾಹದಲ್ಲಿ ನೀರು ಗ್ರಾನೈಟ್ ಬಂಡೆಗಳ ಮೆಟ್ಟಿಲುಗಳ ಮೇಲೆ ಅಪ್ಪಳಿಸಿ ತುಂತುರಿನ ಕಂಬವೇ ಏಳುತ್ತದೆಂದೂ ಅದು ಹೇಳುತ್ತದೆ. ಇಂಥ ಹೊಳೆಯಲ್ಲಿ ಹಾಯಿದೋಣಿಯ ವ್ಯಾಪಾರ ಬೆಳೆಯುವ ಮಾತೇ ಇಲ್ಲ. ಆದರೂ ಹೊಳೆಯ ಎರಡೂ ದಡಗಳಲ್ಲಿ ಊರುಗಳಿದ್ದವು. ಸಂತೆ, ಬೀಗತನ, ತಿಂಥಣಿಯ ಮೌನೇಶ್ವರನ ಜಾತ್ರೆ ಎಲ್ಲಕ್ಕೂ ದಾಟಲೇಬೇಕಿತ್ತು.

ದಾಟುವ ಈ ವಿದ್ಯೆಗೆ ಲಿಖಿತ ಸಾಕ್ಷಿಯೂ ಉಂಟು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆನೆಗೊಂದಿಯ ಬಳಿ ಬುಟ್ಟಿಯಂತೆ ಹೆಣೆದು ಹೊರಗೆ ಚರ್ಮ ಹೊದಿಸಿದ ದುಂಡನೆಯ ದೋಣಿಗಳನ್ನು ಕಂಡ. ಹದಿನೈದಿಪ್ಪತ್ತು ಜನರನ್ನು ಅವು ಹೊರುತ್ತವೆ, ಬೇಕಾದರೆ ಕುದುರೆ, ಎತ್ತುಗಳನ್ನೂ ದಾಟಿಸುತ್ತವೆ, ಹುಟ್ಟು ಹಾಕಿದಂತೆಲ್ಲ ಗಿರಗಿರನೆ ತಿರುಗುತ್ತಲೇ ಸಾಗುತ್ತವೆ ಎಂದು ಬರೆದ. ಅದು ತುಂಗಭದ್ರೆಯ ಮಾತು. ಕೃಷ್ಣೆಯ ಮಾತನ್ನು ಇತಿಹಾಸಕಾರ ಫೆರಿಷ್ತಾ ಹೇಳುತ್ತಾನೆ. 1398ರಲ್ಲಿ ಬಹಮನಿ ಸುಲ್ತಾನ ಫಿರೋಜ್ ಷಾ ಮಳೆಗಾಲದ ತುಂಬುಹೊಳೆಯ ಈಚೆ ಕಟ್ಟಿಬಿದ್ದಿದ್ದ. ಆಚೆ ದಡದಲ್ಲಿ ವಿಜಯನಗರದ ಸೈನ್ಯ. ಆ ಬೀಡಿನಲ್ಲಿ ಕೊಲೆಯಾಗಿ ಗದ್ದಲವೆದ್ದ ರಾತ್ರಿ ಸುಲ್ತಾನನ ಸಾವಿರಾರು ಸೈನಿಕರು ಹೊಳೆ ದಾಟಿದ್ದು ಮೊದಲೇ ಸಿದ್ಧವಾಗಿದ್ದ ಇಂಥ ತೆಪ್ಪಗಳಲ್ಲೇ. ರಾಯಚೂರಿಗಾಗಿ ನಡೆದ ಯುದ್ಧದಲ್ಲಿ ಇಸ್ಮಾಯಿಲ್ ಆದಿಲ್ ಷಾ, ತೆಪ್ಪಗಳಿಗೆ ಚರ್ಮ ಹೊದಿಸುವ ಕೆಲಸ ಮುಗಿಯುವ ಮೊದಲೇ ಆತುರಪಟ್ಟು ಹೊಳೆಗಿಳಿದು ಸೋತ ಕಥೆಯನ್ನೂ ಅವನೇ ಹೇಳಿದ್ದಾನೆ. ಎರಡು ರಾಜ್ಯಗಳ ನಡುವಿನ ಯುದ್ಧದ ಗತಿ ಹರಿಗೋಲಿನ ಎಣಿಕೆಯ ಮೇಲೆ ನಿಂತಿತ್ತು ಎಂಬುದನ್ನು ನಮ್ಮ ಪಠ್ಯಪುಸ್ತಕಗಳು ಹೇಳುವುದಿಲ್ಲ. ಸುಲ್ತಾನರ, ರಾಯರ ಹೆಸರು ಉಳಿಯಿತು. ಬಿದಿರು ಸೀಳಿದವರ, ಚರ್ಮ ಹದ ಮಾಡಿದವರ, ಹುಟ್ಟು ಹಿಡಿದವರ ಹೆಸರು ಉಳಿಯಲಿಲ್ಲ.

ಇದಕ್ಕೆ ಒಂದು ಆಕ್ಷೇಪ ಬರಬಹುದು: ಐನೂರು ವರ್ಷ ರೂಪವೇ ಬದಲಾಗದ ಸಾಧನವನ್ನು ವಿದ್ಯೆ ಎನ್ನುವುದು ಹೇಗೆ, ಬೇರೆ ಗತಿಯಿಲ್ಲದ್ದಕ್ಕೆ ಅದು ಉಳಿಯಿತಲ್ಲವೇ? ಹರಿಗೋಲನ್ನೇ ಹತ್ತಿರದಿಂದ ನೋಡಿದರೆ ಉತ್ತರ ಸಿಗುತ್ತದೆ. ಬಿದಿರಿನ ಸೀಳುಗಳನ್ನು ನಡುವಿನಿಂದ ಹೊರಕ್ಕೆ ಹೆಣೆದು, ಅಂಚನ್ನು ದಪ್ಪಗೆ ಸುತ್ತಿ ಬಿಗಿದು, ತಳಕ್ಕೆ ಮೊದಲು ಚರ್ಮ, ಈಚೆಗೆ ಡಾಂಬರು ಬಳಿದ ಬಟ್ಟೆ ಅಥವಾ ತಾಡಪತ್ರಿ ಹೊದಿಸುತ್ತಾರೆ. ತಳ ಚಪ್ಪಟೆ, ಮೊಳಕಾಲುದ್ದದ ನೀರಿನಲ್ಲೂ ತೇಲುತ್ತದೆ. ಬಂಡೆಗೆ ಬಡಿದರೆ ಮುರಿಯದೆ ಬಳುಕಿ, ತಿರುಗಿ ಮುಂದೆ ಸರಿಯುತ್ತದೆ. 1869ರಲ್ಲಿ ಜಾನ್ ವೆಸ್ಲಿ ಪೊವೆಲ್ ಹತ್ತು ಮಂದಿಯ ತಂಡ ಕಟ್ಟಿಕೊಂಡು ನಾಲ್ಕು ಮರದ ದೋಣಿಗಳಲ್ಲಿ ಕೊಲರಾಡೊದ ಕಣಿವೆಗಿಳಿದ. ಗ್ರ್ಯಾಂಡ್ ಕ್ಯಾನ್ಯನ್ ಇನ್ನೂ ದೂರವಿರುವಾಗಲೇ ಒಂದು ದೋಣಿ ಬಂಡೆಗೆ ಬಡಿದು ಚೂರಾಯಿತು. ಎರಡನೆಯ ಮಹಾಯುದ್ಧದ ನಂತರ ಸೈನ್ಯದ ರಬ್ಬರ್ ತೆಪ್ಪಗಳು ಬಂದ ಮೇಲೆ ಅಲ್ಲಿ ಪ್ರವಾಸ ಬೆಳೆಯಿತು. ಬಳುಕುವ ಒಡಲು, ಚಪ್ಪಟೆ ತಳ, ಬಡಿದರೂ ಮುಂದೆ ಸಾಗುವ ಗುಣ, ಇವೆಲ್ಲ ಹರಿಗೋಲಿನಲ್ಲಿ ಮೊದಲೇ ಇದ್ದವು. ಕೆಲಸಕ್ಕೆ ಸರಿಯಾಗಿ ಒದಗುವ ರೂಪ ಬದಲಾಗದೆ ಉಳಿದರೆ ಅದು ಜಡತೆಯಲ್ಲ.

ದಾಟುವುದು ಬೇರೆ, ಇಳಿಯುವುದು ಬೇರೆ ಎಂಬ ಆಕ್ಷೇಪವೂ ಉಂಟು. ಆದರೆ ತುಂಬುಹೊಳೆಯಲ್ಲಿ ನೇರ ದಾಟುವುದು ಯಾರಿಂದಲೂ ಆಗದು. ಅಂಬಿಗ ತಾನು ಮುಟ್ಟಬೇಕಾದ ಜಾಗಕ್ಕಿಂತ ಬಹಳ ಮೇಲ್ಗಡೆ ಹರಿಗೋಲನ್ನು ನೀರಿಗಿಳಿಸುತ್ತಾನೆ. ಸೆಳವಿನ ಜೊತೆ ಓರೆಯಾಗಿ ಇಳಿಯುತ್ತ, ಸುಳಿ ತಪ್ಪಿಸುತ್ತ, ನೀರಡಿಯ ಬಂಡೆಯನ್ನು ಮೇಲಿನ ನೊರೆ ನೋಡಿಯೇ ಗುರುತಿಸುತ್ತ ಆಚೆ ದಡ ಮುಟ್ಟುತ್ತಾನೆ. ಆಮೇಲೆ ಹರಿಗೋಲನ್ನು ಬೋರಲಾಗಿ ತಲೆಯ ಮೇಲೆ ಹೊತ್ತು ಮತ್ತೆ ಮೇಲ್ಗಡೆಗೆ ನಡೆಯುತ್ತಾನೆ. ಅಂದರೆ ಪ್ರತಿ ದಾಟುವಿಕೆಯಲ್ಲೂ ಒಂದು ಇಳಿಯುವಿಕೆ ಇದೆ. ಅದಕ್ಕೆ ಬೇಕಾದ ಕಣ್ಣು ಇಂದಿನ ರಾಫ್ಟಿಂಗ್ ತರಬೇತುದಾರನಿಗೆ ಬೇಕಾದ ಕಣ್ಣೇ.

ಮೂರನೆಯ ಆಕ್ಷೇಪ ಭಾರವಾದದ್ದು. ಹೊಳೆ ದಾಟುವುದನ್ನು ಹೊಗಳುವುದು ಅದರಿಂದ ನೊಂದವರಿಗೆ ಮಾಡುವ ಅನ್ಯಾಯವಲ್ಲವೇ? ಸುರಪುರ ಸೀಮೆಯಲ್ಲಿ ಕೃಷ್ಣೆಯ ನಡುಗಡ್ಡೆಯಾದ ನೀಲಕಂಠರಾಯನಗಡ್ಡಿಯ ಒಬ್ಬ ತುಂಬುಗರ್ಭಿಣಿ 2014ರ ಮಳೆಗಾಲದಲ್ಲಿ, ಹೆರಿಗೆಗೆ ಆಸ್ಪತ್ರೆ ಸಿಗಲೆಂದು, ಮೈಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ತುಂಬುಹೊಳೆಯನ್ನು ಈಜಿ ದಾಟಿದರು. ದೇಶವೇ ಆ ಸುದ್ದಿ ಓದಿ ಬೆರಗಾಯಿತು, ಆದರೆ ಅದು ನಾಚಿಕೆಪಡಬೇಕಾದ ಸುದ್ದಿ. ಗಡ್ಡಿಗಳಿಗೆ ಸೇತುವೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಮುಂಬೈ ಕಡೆಯ ರೈಲು ರಾಯಚೂರು ಮುಟ್ಟಿದ್ದು 1871ರಲ್ಲಿ. ಅದು ಯಾದಗಿರಿಯ ಮೇಲೆಯೇ ಹಾದು ಕೃಷ್ಣೆಯನ್ನು ಸೇತುವೆಯ ಮೇಲೆ ದಾಟಿತು. ಆಮೇಲೂ ದಡದ ಬಡವರು ಬುರುಡೆ ಕಟ್ಟಿಕೊಂಡೇ ಈಜಬೇಕಾಯಿತು ಎಂದರೆ ಹೊಣೆ ಹೊಳೆಯದ್ದೂ ಅಲ್ಲ, ಅಂಬಿಗನದ್ದೂ ಅಲ್ಲ. ಸೇತುವೆ ಬೇಕು ಎನ್ನುವುದಕ್ಕೆ ಹೊಳೆಯ ಜ್ಞಾನ ಬೇಡ ಎಂಬ ಅರ್ಥವಿಲ್ಲ.

ಆ ಜ್ಞಾನ ಈಗ ವೇಗವಾಗಿ ಸವೆಯುತ್ತಿದೆ. 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿದ ಮೇಲೆ ಹೊಳೆ ಋತುವಿನ ಮಾತು ಕೇಳುವುದನ್ನು ಬಿಟ್ಟು ಗೇಟಿನ ಮಾತು ಕೇಳುತ್ತದೆ. ಗ್ಲೆನ್ ಕ್ಯಾನ್ಯನ್ ಅಣೆಕಟ್ಟು 1963ರಲ್ಲಿ ನೀರು ಹಿಡಿದ ಮೇಲೆ ಕೊಲರಾಡೊಗೂ ಹೀಗೆಯೇ ಆಯಿತು. ಗೇಟು ತೆರೆದರೆ ಜಲದುರ್ಗದ ದಾರಿಯ ಶೀಲಹಳ್ಳಿ ಸೇತುವೆ ಮುಳುಗುತ್ತದೆ, ಮುಚ್ಚಿದರೆ ಬಂಡೆಗಳು ಬಿಸಿಲಿಗೆ ಕಾಯುತ್ತವೆ. ಛಾಯಾ ಭಗವತಿಯ ಕೆಳಗೆ ನಾಳೆ ಜಲಸಾಹಸದ ಯೋಜನೆ ಬಂದರೂ ಬರಬಹುದು. ಹಾಗೆ ಬರುವುದಾದರೆ ಸರ್ಕಾರ ಹೊರಗಿನ ಗುತ್ತಿಗೆದಾರನನ್ನು ಕರೆಯುವ ಮೊದಲು ತಿಂಥಣಿ, ಕಕ್ಕೇರಾ, ಜಲದುರ್ಗದ ದಡಗಳ ಹಿರಿಯ ಅಂಬಿಗರನ್ನು ಕೂರಿಸಿಕೊಂಡು ಯಾವ ಮಡು ಎಲ್ಲಿದೆ, ಯಾವ ಬಂಡೆ ಎಷ್ಟು ನೀರಿಗೆ ಮುಳುಗುತ್ತದೆ, ಯಾವ ಸೆಳವು ಎತ್ತ ಎಳೆಯುತ್ತದೆ ಎಂಬುದನ್ನು ಬರೆಸಿಕೊಳ್ಳಲಿ. ತರಬೇತಿಯ ಕೆಲಸವನ್ನೂ ಅವರ ಮಕ್ಕಳಿಗೇ ಮೊದಲು ಕೊಡಲಿ. ಯೋಜನೆ ಬಾರದಿದ್ದರೂ ಬರೆಸಿಕೊಳ್ಳುವ ಕೆಲಸ ಮಾತ್ರ ನಿಲ್ಲಬಾರದು. ಯಾದಗಿರಿಯ ಕಾಲೇಜುಗಳ ಇತಿಹಾಸ ವಿಭಾಗಗಳು ಈ ವರ್ಷವೇ ಅದನ್ನು ಶುರುಮಾಡಬಹುದು.