ಜಡೆ ಹೆಣೆಯುವ ಕಣಗಳು

ಜಡೆಕೋಲಾಟದಲ್ಲಿ ಕುಣಿಯುವವರು ಸುತ್ತಿ ಸುಳಿದು ಮತ್ತೆ ತಮ್ಮ ತಮ್ಮ ಸ್ಥಾನಕ್ಕೆ ಬಂದು ನಿಂತಾಗ ನೆಲದ ಮೇಲೆ ಏನೂ ಬದಲಾದಂತೆ ತೋರದು. ಆದರೆ ಕಂಬದಿಂದ ಇಳಿಬಿಟ್ಟ ಬಣ್ಣದ ಹಗ್ಗಗಳು ಜಡೆಯಾಗಿರುತ್ತವೆ. ಯಾರು ಯಾರನ್ನು ಯಾವ ಕ್ರಮದಲ್ಲಿ ಬಳಸಿ ಹೋದರೆಂಬುದಕ್ಕೆ ಆ ಜಡೆಯೇ ಸಾಕ್ಷಿ.

ಇಂಥ ನೆನಪುಳ್ಳ ಕಣಗಳನ್ನು ಭೌತವಿಜ್ಞಾನಿಗಳು ಬಹುಕಾಲ ಕಾಗದದ ಮೇಲಷ್ಟೇ ಕಂಡಿದ್ದರು. ಹಾಳೆಯಂತೆ ಎರಡೇ ಆಯಾಮಗಳಿರುವಲ್ಲಿ ಕಣಗಳು ನಾವರಿತ ಎರಡು ಕುಲಗಳಿಗೆ ಸೇರಲೇಬೇಕಿಲ್ಲವೆಂದು 1977ರಲ್ಲಿ ನಾರ್ವೆಯ ಲೈನಾಸ್ ಮತ್ತು ಮಿರ್‌ಹೈಮ್ ತೋರಿಸಿದರು. 1982ರಲ್ಲಿ ಫ್ರಾಂಕ್ ವಿಲ್ಚೆಕ್ ಅವಕ್ಕೆ ಎನಿಯಾನ್ ಎಂದು ಹೆಸರಿಟ್ಟರು. ಅವುಗಳಲ್ಲಿ ಒಂದು ಬಗೆಯವು, ತಾವು ಅದಲುಬದಲಾದ ಕ್ರಮವನ್ನೇ ನೆನಪಾಗಿ ಉಳಿಸಿಕೊಳ್ಳಬಲ್ಲವು. ಇಂಥ ಹೆಣಿಗೆಯಲ್ಲಿ ಲೆಕ್ಕವನ್ನು ಕೆಡದಂತೆ ಕಾಯ್ದಿಡಬಹುದೆಂದು 1997ರಲ್ಲಿ ಅಲೆಕ್ಸೈ ಕಿತಾಯೆವ್ ಸೂಚಿಸಿದರು.

ಇವುಗಳನ್ನು ಗಣಿತದಲ್ಲಿ ಹಿಡಿಯುವುದೂ ಸುಲಭವಲ್ಲ. ಎರಡೆರಡು ಸ್ಥಿತಿಗಳ 50 ಕಣಗಳ ಸಮುದಾಯವನ್ನು ಪೂರ್ತಿಯಾಗಿ ಬಣ್ಣಿಸಲು 11 ಕೋಟಿ ಕೋಟಿಗೂ ಮಿಕ್ಕ ಸಂಖ್ಯೆಗಳು ಬೇಕು. ನಿಸರ್ಗ ಕ್ವಾಂಟಂ ನಿಯಮದಂತೆ ನಡೆಯುವುದಾದರೆ ಅದನ್ನು ಅನುಕರಿಸುವ ಯಂತ್ರವೂ ಅದೇ ನಿಯಮದಂತೆ ನಡೆಯಬೇಕೆಂದು 1981ರಲ್ಲಿ ರಿಚರ್ಡ್ ಫೈನ್‌ಮನ್ ವಾದಿಸಿದರು.

ಆ ಯಂತ್ರದ ಸಾಮಗ್ರಿ ಬೇರೊಂದು ದಾರಿಯಿಂದ ಬಂದಿತು. ಎರಡು ಅತಿವಾಹಕಗಳ ನಡುವೆ ತೆಳುವಾದ ತಡೆಯಿದ್ದರೂ, ನೂಕುವ ಒತ್ತಡವಿಲ್ಲದೆಯೇ ವಿದ್ಯುತ್ತು ಹರಿದೀತೆಂದು 1962ರಲ್ಲಿ ಕೇಂಬ್ರಿಜ್‌ನ 22 ವರ್ಷದ ವಿದ್ಯಾರ್ಥಿ ಬ್ರಯನ್ ಜೋಸೆಫ್ಸನ್ ಲೆಕ್ಕಹಾಕಿ ತಿಳಿಸಿದರು. 1985ರ ಸುಮಾರಿಗೆ ಬರ್ಕ್ಲಿಯಲ್ಲಿ ಕ್ಲಾರ್ಕ್, ಡೆವೊರೆ, ಮಾರ್ಟಿನಿಸ್ ಎಂಬ ಮೂವರು, ಕೈಯಲ್ಲಿ ಹಿಡಿಯಬಹುದಾದ ಇಂಥ ವಿದ್ಯುನ್ಮಂಡಲವೇ ಒಂದು ಪರಮಾಣುವಿನಂತೆ ವರ್ತಿಸುವುದನ್ನು ಕಂಡರು. (ನೊಬೆಲ್ ಪಾರಿತೋಷಕ ಅವರನ್ನು ಹುಡುಕಿಕೊಂಡು ಬಂದದ್ದು 2025ರಲ್ಲಿ!) ಅಂಥ ಮಂಡಲವನ್ನು ಬೇಕೆಂದ ಸ್ಥಿತಿಗೆ ತಿರುಗಿಸಿ, 1999ರಲ್ಲಿ ಜಪಾನಿನ ನಾಕಾಮುರಾ ಮತ್ತು ಸಂಗಡಿಗರು ಅದನ್ನು ಕ್ಯೂಬಿಟ್ ಆಗಿಸಿದರು.

ಎರಡು ದಾರಿಗಳೂ ಕೂಡಿದುದು ಈಚೆಗೆ. 2021ರಲ್ಲಿ ಗೂಗಲ್ ಸಂಸ್ಥೆಯ ವಿಜ್ಞಾನಿಗಳು 31 ಕ್ಯೂಬಿಟ್‌ಗಳಲ್ಲಿ ಕಿತಾಯೆವ್ ಕಲ್ಪಿಸಿದ್ದ ಸ್ಥಿತಿಯನ್ನು ಮೂಡಿಸಿದರು. ನೆನಪುಳ್ಳ ಬಗೆಯ ಎನಿಯಾನ್‌ಗಳನ್ನು ಒಂದನ್ನೊಂದು ಬಳಸಿ ಒಯ್ದಾಗ ಕ್ರಮದ ಗುರುತು ಉಳಿಯುವುದನ್ನು 2023ರಲ್ಲಿ ಪ್ರಕಟಿಸಿದರು.

ಇದು ನಿಜವಾದ ವಸ್ತುವೋ, ವಸ್ತುವಿನ ವೇಷವೋ ಎಂದು ಕೇಳುಗರು ಕೇಳಬಹುದು. ವಿಜ್ಞಾನಿಗಳಲ್ಲೇ ಈ ಚರ್ಚೆಯುಂಟು. ಪರಮಶೂನ್ಯದ ನೆರೆಯ ಚಳಿಯಲ್ಲಿಟ್ಟು, ಸೂಕ್ಷ್ಮತರಂಗಗಳಿಂದ ಕುಣಿಸಿದಷ್ಟು ಹೊತ್ತು ಮಾತ್ರ ಅದರ ಬಾಳು. ಆ ಆಯುಷ್ಯವನ್ನು ಸೆಕೆಂಡಿನ ಲಕ್ಷಾಂಶಗಳಲ್ಲಿ ಎಣಿಸಬೇಕು. ಆದರೂ ವೇಷವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಹೆಣಿಗೆಯ ನಿಯಮವೇ ಎನಿಯಾನಿನ ಸ್ವರೂಪ, ಆ ನಿಯಮ ಇಲ್ಲಿ ನಡೆದಿದೆ. ಘನವಸ್ತುವಿನಲ್ಲಿ ಅಂಥದರ ಕುರುಹು ಸಿಕ್ಕಿತೆಂದು ಹಾಲೆಂಡಿನ ಡೆಲ್ಫ್ಟ್‌ನಿಂದ 2018ರಲ್ಲಿ ಹೊರಟ ಲೇಖನವನ್ನು ಲೇಖಕರೇ 2021ರಲ್ಲಿ ಹಿಂತೆಗೆದುಕೊಂಡರು. ಅಲ್ಲಿ ಹುಡುಕಾಟ ಇನ್ನೂ ನಡೆದಿದೆ.